ಸತ್ತವರ ಸರದಿ ಕೊನೆಗೆ

ಬಾಗಿಲ ಮೇಲೆ ಅಂಗೈ ಸವರಾಡುವ ಸದ್ದು ಕೇಳಿಸಿತು. ತಟ್ಟುವ ಸದ್ದಲ್ಲ, ಕತ್ತಲಲ್ಲಿ ಹಿಡಿಕೆ ಹುಡುಕುವ ಕೈಯ ಸದ್ದು. ಯುದ್ಧ ಶುರುವಾಗಿ, ಶತ್ರುವಿಮಾನಗಳಿಗೆ ಊರು ಕಾಣದಿರಲೆಂದು ಬೀದಿದೀಪಗಳ ಜೊತೆಗೆ ಠಾಣೆಯ ನೀಲಿ ದೀಪವನ್ನೂ ಆರಿಸಿದ ಮೇಲೆ, ಸ್ಕೆಲ್ಬಿ ಪಟ್ಟಣದಲ್ಲಿ ರಾತ್ರಿ ದೂರು ಕೊಡಲು ಬರುವವರೆಲ್ಲ ಮೊದಲು ಹೀಗೆ ಬಾಗಿಲನ್ನು ಸವರುತ್ತಿದ್ದರು. ಕಾನ್‌ಸ್ಟೇಬಲ್ ಮಾಸಪ್ ಎದ್ದು ದೀಪ ತಗ್ಗಿಸಿ, ಎರಡು ಪದರದ ಕರಿಪರದೆ ಸರಿಸಿ ಬಾಗಿಲು ತೆರೆದ. 1940ರ ಏಪ್ರಿಲ್ 21, ಭಾನುವಾರ. ಹನ್ನೊಂದು ಗಂಟೆ ದಾಟಿತ್ತು.

ಬಂದವನು ಸಿರಿಲ್ ಪಾಡ್‌ಮೋರ್, ರೋಪರಿ ಲೇನಿನ ವಾರ್ಡನ್. ವೈಮಾನಿಕ ದಾಳಿಯಾದರೆ ಆ ಬೀದಿಯ ಜನರನ್ನು ಕಾಯುವ ಹೊಣೆ ಅವನದು. ಕಬ್ಬಿಣದ ಟೋಪಿ ಇನ್ನೂ ತಲೆಯ ಮೇಲಿತ್ತು. ಕೋಟಿನ ತೋಳಿಗೆ ರಕ್ತ ಅಂಟಿ ಒಣಗಿತ್ತು.

“ಇನ್ಸ್‌ಪೆಕ್ಟರ್ ಇದಾರಾ?”

“ಏನಾಯ್ತು ಹೇಳಿ.”

“ಅವರಿಗೇ ಹೇಳ್ತೀನಿ.”

ಇನ್ಸ್‌ಪೆಕ್ಟರ್ ಗಾರ್ಸೈಡ್ ಒಳಕೋಣೆಯಿಂದ ಹೊರಬಂದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸಿರಿಲ್ ಜೇಬಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ರೈಲಿನಲ್ಲಿ ಹೋಗುವ ಪೆಟ್ಟಿಗೆಗೆ ಕಟ್ಟುವಂಥ ಕಂದು ಬಣ್ಣದ ದಪ್ಪ ಚೀಟಿ, ತುದಿಯಲ್ಲಿ ದಾರ. ಅದರ ಮೇಲೆ ನೇರಳೆ ಬಣ್ಣದಲ್ಲಿ ಒಂದೇ ಮಾತು ಬರೆದಿತ್ತು: ಮೃತ.

“ಇದು ನನ್ನ ಹೆಂಡತಿ ಕೋಟಿಗೆ ಕಟ್ಟಿತ್ತು,” ಎಂದ ಸಿರಿಲ್. “ಎಲ್ಸಿ ಬದುಕಿದಾಳೆ. ಆಸ್ಪತ್ರೇಲಿದಾಳೆ. ಇನ್ನೂ ಕಣ್ಣು ಬಿಟ್ಟಿಲ್ಲ. ಇದನ್ನ ಬರೆದೋರು ಯಾರು ಅಂತ ನನಗೆ ಗೊತ್ತಾಗಬೇಕು.”

ಅಂದು ಮಧ್ಯಾಹ್ನ ರೋಪರಿ ಲೇನಿನಲ್ಲಿ ಅಣಕು ದಾಳಿ ನಡೆದಿತ್ತು. ಜರ್ಮನರ ಬಾಂಬು ಸ್ಕೆಲ್ಬಿಯ ಮೇಲೆ ಇನ್ನೂ ಬಿದ್ದಿರಲಿಲ್ಲ. ಬಿದ್ದ ದಿನ ಕೈಕಾಲು ಆಡಲೆಂದು ಭಾನುವಾರಗಳಲ್ಲಿ ಈ ಅಭ್ಯಾಸ. ಊರಿನ ಕೆಲವರು ಗಾಯಾಳುಗಳಾಗಿ ಬೀದಿಯಲ್ಲೋ ಪಾಳುಮನೆಯಲ್ಲೋ ಮಲಗುತ್ತಾರೆ. ಕೈ ಮುರಿದಿದೆ, ಸುಟ್ಟ ಗಾಯ, ಮೃತ, ಹೀಗೆ ಯಾರಿಗೆ ಏನಾಗಿದೆಯೆಂದು ಬರೆದ ಚೀಟಿ ಕೋಟಿನ ಗುಂಡಿಗೆ ಕಟ್ಟಿರುತ್ತದೆ. ಪ್ರಥಮ ಚಿಕಿತ್ಸೆಯವರು ಅದನ್ನೋದಿ ಪಟ್ಟಿ ಕಟ್ಟುತ್ತಾರೆ, ಸ್ಟ್ರೆಚರ್‌ನವರು ಹೊತ್ತೊಯ್ಯುತ್ತಾರೆ. ಬದುಕಿರುವವರನ್ನು ಮೊದಲು ಎತ್ತಬೇಕು, ಸತ್ತವರನ್ನು ಕೊನೆಗೆ.

ಎಲ್ಸಿಗೆ ಕೊಟ್ಟಿದ್ದ ಚೀಟಿ ‘ಬಲಗಾಲು ಮುರಿದಿದೆ’. ಬೆಳಗಿನ ತಿಂಡಿಯ ಹೊತ್ತಿಗೆ ಅವಳೇ ಗಂಡನಿಗೆ ಹೇಳಿದ್ದಳು. ಹದಿನಾಲ್ಕನೇ ನಂಬರಿನ ಪಾಳುಮನೆಯ ಅಡುಗೆಮನೆಯಲ್ಲಿ ಅವಳು ಮಲಗಬೇಕಿತ್ತು. ಅಭ್ಯಾಸ ಮುಗಿದು, ‘ಸತ್ತವರನ್ನು’ ಎತ್ತಲು ಬಂದವರಿಗೆ ಅವಳು ನೆಲಮಾಳಿಗೆಯಲ್ಲಿ ಸಿಕ್ಕಳು. ತಲೆಯ ಕೆಳಗೆ ಹರಡಿದ್ದು ಬಣ್ಣವಲ್ಲ.

“ಎಷ್ಟು ಹೊತ್ತು ಹಾಗೇ ಬಿದ್ದಿದ್ರು?”

“ಎರಡು ಗಂಟೆ. ಅದಕ್ಕಿಂತ ಹೆಚ್ಚೇ ಇರಬಹುದು.” ಸಿರಿಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ಊರೆಲ್ಲ ಪಕ್ಕದಲ್ಲೇ ಓಡಾಡ್ತಿತ್ತು ಸಾರ್.”

ಮಾಸಪ್ ದೂರು ಬರೆದುಕೊಂಡು ಓದಿ ಹೇಳಿದ. ಸಿರಿಲ್ ಸಹಿ ಹಾಕಿದ. ಪ್ರಥಮ ವರದಿ ದಾಖಲಾಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಾರ್ಸೈಡ್ ಮತ್ತು ಮಾಸಪ್ ಸ್ಥಳ ಮಹಜರಿಗೆ ಹೋದರು. ನಗರಸಭೆ ವಾಸಕ್ಕೆ ಯೋಗ್ಯವಲ್ಲವೆಂದು ಖಾಲಿ ಮಾಡಿಸಿದ್ದ ಮನೆ. ಅಡುಗೆಮನೆಯ ಮೂಲೆಯಿಂದ ನೆಲಮಾಳಿಗೆಗೆ ಮರದ ಮೆಟ್ಟಿಲು ಇಳಿಯುತ್ತಿತ್ತು. ಅರ್ಧದಾರಿಯಲ್ಲಿ ಒಂದು ಹಲಗೆ ಮುರಿದಿತ್ತು. ಗಾರ್ಸೈಡ್ ಮುರಿದ ತುದಿಯನ್ನು ಉಗುರಿನಿಂದ ಕೆದಕಿದ. ಪುಡಿ ಉದುರಿತು.

“ಕೊಳೆತಿದೆ. ಗರಗಸದ ಗುರುತಿಲ್ಲ.”

“ಹಾಗಾದ್ರೆ ತಳ್ಳಿದ್ದಲ್ಲ, ಸಾರ್?”

“ತಾನಾಗಿಯೇ ಬಿದ್ದಿದಾಳೆ. ನಮ್ಮ ಕೇಸು ಬಿದ್ದಮೇಲಿಂದು.”

ಕೆಳಗೆ ಇಟ್ಟಿಗೆ ನೆಲದ ಮೇಲೆ ಎರಡು ಬಗೆಯ ಕೆಂಪು. ಗೋಡೆಯ ಕಡೆ ಒಣಗಿ ಕಪ್ಪಾದದ್ದು ನಿಜವಾದ ರಕ್ತ. ಕಾಲಿದ್ದ ಕಡೆ ಹೊಳೆಯುವ ಕೆಂಪು, ಗೋಧಿಹಿಟ್ಟಿನ ಅಂಟಿಗೆ ಕೆಂಪು ಶಾಯಿ ಬೆರೆಸಿದ್ದು. ಮಾಸಪ್ ಬಗ್ಗಿ ನೋಡಿದ. ಆ ಹೊಳಪಿನ ಅಡಿಯಲ್ಲೂ ಕಪ್ಪು ಇತ್ತು. ಮುರಿದ ಕಾಲಿನ ವೇಷ ಹಾಕಿದ ಕಾಲೇ ಮುರಿದಿತ್ತು.

ಚೀಟಿಯ ಹಿಂಬದಿಯಲ್ಲಿ ಸಂಘಟಕರ ಕಪ್ಪು ಶಾಯಿಯ ಅಕ್ಷರ ಸ್ಪಷ್ಟವಾಗಿತ್ತು: ‘ಬಲಗಾಲು ಮುರಿದಿದೆ, ಪ್ರಜ್ಞೆ ಇದೆ’. ಅದರ ಮೇಲೆ ಅಡ್ಡಗೆರೆ ಎಳೆದು, ಚೀಟಿ ಮಗುಚಿ, ಇನ್ನೊಂದು ಮೈಗೆ ‘ಮೃತ’ ಎಂದು ಬರೆಯಲಾಗಿತ್ತು. ಗೆರೆಯೂ ಆ ಮಾತೂ ಒಂದೇ ನೇರಳೆ.

“ನೇರಳೆ ಪೆನ್ಸಿಲ್,” ಎಂದ ಮಾಸಪ್. “ನಾಲಿಗೆಗೆ ತಾಗಿಸಿ ಬರೆದರೆ ನೇರಳೆ ಆಗುತ್ತಲ್ಲ, ಅದು. ಅಳಿಸೋಕಾಗಲ್ಲ.”

“ಯಾರ ಹತ್ರ ಇರುತ್ತೆ?”

“ವಾರ್ಡನ್‌ಗಳಿಗಿಲ್ಲ. ಅವರಿಗೆ ಸೀಮೆಸುಣ್ಣ. ಚಿಕಿತ್ಸಾ ಕೇಂದ್ರದ ಮುಖ್ಯಸ್ಥರಿಗೆ ಒಂದು, ಸ್ಟ್ರೆಚರ್ ತಂಡದ ಮುಖಂಡನಿಗೆ ಒಂದು ಕೊಟ್ಟಿದಾರೆ. ತುರ್ತು ಅಂತ ಗಾಯಾಳು ಹಣೆ ಮೇಲೆ ಗುರುತು ಹಾಕೋಕೆ.”

ರೋಪರಿ ಲೇನಿನ ಪಾಲಿಗೆ ಆ ಇಬ್ಬರು ಗಂಡ ಹೆಂಡತಿ. ಕೇಂದ್ರದ ಮುಖ್ಯಸ್ಥೆ ವಿನಿಫ್ರೆಡ್ ಟಾಸ್ಕರ್. ಸ್ಟ್ರೆಚರ್ ಮುಖಂಡ ಅವಳ ಗಂಡ ಆರ್ನಲ್ಡ್ ಟಾಸ್ಕರ್.

ಹತ್ತು ಗಂಟೆಗೆ ಅವರು ಮಿಸೆಸ್ ಗ್ಯಾಡ್ ಮನೆಗೆ ಹೋದರು. ಅಣಕು ದಾಳಿಯ ದಿನ ಎಲ್ಲರಿಗೂ ಟೀ ಹಂಚುವವಳು ಅವಳೇ. ಸಿಂಕಿನ ಮುಂದೆ ನಿಂತು ಕಪ್ಪುಗಳನ್ನು ಇನ್ನೂ ತೊಳೆಯುತ್ತಿದ್ದಳು.

“ನನ್ನನ್ನ ಒಂದ್ಸಲಾನೂ ಗಾಯಾಳು ಮಾಡ್ಲಿಲ್ಲ ಸಾರ್, ಅದನ್ನೂ ಬರ್ಕೊಳ್ಳಿ. ಕೇಳಿದ್ರೆ, ‘ನಿಮ್ಮನ್ನ ಎತ್ತೋಕೆ ಬಂದರಿನಿಂದ ಕ್ರೇನ್ ತರಿಸ್ಬೇಕು’ ಅಂದ್ರು. ಅದೇ ಎಲ್ಸಿ ಅಂದ್ರೆ ಗಂಡಸರೆಲ್ಲ ನಾ ಮುಂದು ತಾ ಮುಂದು.”

“ಯಾಕೆ?”

“ನರಳ್ತಾಳೆ ಸಾರ್. ಏನು ನರಳ್ತಾಳೆ ಅಂತೀರಿ! ಕೇಳಿದ್ರೆ ಕರುಳು ಕಿತ್ತು ಬರುತ್ತೆ. ಆಮೇಲೆ ಸ್ಟ್ರೆಚರ್ ಮೇಲೆ ಮಲಗ್ಕೊಂಡು ಕಣ್ಣು ಹೊಡೀತಾಳೆ. ಪಕ್ಕದ ಬೀದಿಯೋರು ನಮ್ಗೂ ಒಂದಿನ ಕೊಡಿ ಅಂತ ಕೇಳಿದ್ರು, ಸಾಲ ಕೇಳೋ ಹಾಗೆ.”

“ಹೆಚ್ಚಾಗಿ ಯಾರು ಹೊರ್ತಿದ್ರು?”

“ಆರ್ನಲ್ಡ್ ಟಾಸ್ಕರ್, ಇನ್ಯಾರು? ಮನೇಲಿ ಬಾಯಿಗೆ ಬೀಗ ಹಾಕ್ಕೊಂಡಿರೋ ಮನುಷ್ಯ. ಎಲ್ಸಿ ಸ್ಟ್ರೆಚರ್ ಮೇಲಿದ್ರೆ ದಾರಿಯುದ್ದಕ್ಕೂ ಹಾಡು. ವಿನಿಫ್ರೆಡ್ ಪಾಪ, ಪಟ್ಟಿ ಹಿಡ್ಕೊಂಡು ಅಲ್ಲೇ ನಿಂತಿರ್ತಾಳೆ. ಪರೀಕ್ಷೇಲಿ ಜಿಲ್ಲೆಗೇ ಮೊದಲು ಬಂದೋಳು. ಯಾರಾದ್ರೂ ಅವಳನ್ನ ತಿರುಗಿ ನೋಡಿದ್ದುಂಟಾ?”

“ಎಲ್ಸಿ ಗಂಡ?”

ಮಿಸೆಸ್ ಗ್ಯಾಡ್ ದನಿ ತಗ್ಗಿಸಿದಳು. “ಅವನ ಹೊಟ್ಟೇಲಿ ಕೆಂಡ ಸಾರ್. ‘ನನ್ನ ಹೆಂಡ್ತೀನ ಊರೆಲ್ಲ ಹೊರ್ತಿದೆ’ ಅಂತ ಪಬ್ಬಲ್ಲಿ ಅಂದಿದ್ದ. ಆ ಹುಡುಗೀನೂ ಕಮ್ಮಿ ಇಲ್ಲ. ನಿನ್ನೆ ನನ್ನ ಕೈಲಿ ಬಣ್ಣ ಹಚ್ಚಿಸ್ಕೋತಾ, ‘ಇವತ್ತು ಸುಲಭಕ್ಕೆ ಸಿಗಲ್ಲ, ನೆಲಮಾಳಿಗೇಲಿ ಬಚ್ಚಿಟ್ಕೋತೀನಿ, ಹುಡುಕ್ಲಿ’ ಅಂದ್ಲು.”

ಆ ವಸಂತದಲ್ಲಿ ಬೆಣ್ಣೆಗೆ ರೇಷನ್ ಇತ್ತು, ಸಕ್ಕರೆಗೆ ರೇಷನ್ ಇತ್ತು. ಹೊಟ್ಟೆಕಿಚ್ಚಿಗೆ ಇರಲಿಲ್ಲ. ಆದರೆ ಇಡೀ ಬೀದಿ ಹೊಟ್ಟೆಕಿಚ್ಚುಪಟ್ಟಿದೆಯೆಂದು ಇಡೀ ಬೀದಿಯನ್ನು ಬಂಧಿಸಲಾಗುವುದಿಲ್ಲ. ಗಾರ್ಸೈಡ್ ಟೋಪಿ ಎತ್ತಿಕೊಂಡ. ಅಷ್ಟರಲ್ಲಿ ಮಿಸೆಸ್ ಗ್ಯಾಡ್ ಕೈಯಲ್ಲಿದ್ದ ಕಪ್ಪನ್ನು ಬೆಳಕಿಗೆ ಹಿಡಿದು ಬೈದಳು.

“ಸೋಡಾ ಹಾಕಿ ತಿಕ್ಕಿದ್ರೂ ಹೋಗ್ತಿಲ್ಲ ನೋಡಿ, ಹಾಳಾದ್ದು.”

ಕಪ್ಪಿನ ಅಂಚಿನಲ್ಲಿ ಅರ್ಧಚಂದ್ರದಂತೆ ನೇರಳೆ ಕಲೆ.

“ಯಾರು ಕುಡಿದ ಕಪ್ಪು?”

“ವಿನಿಫ್ರೆಡ್. ನಾನೇ ನಕ್ಕಿದ್ದೆ, ‘ಏನಮ್ಮಾ, ಏಪ್ರಿಲ್‌ನಲ್ಲೇ ಕಾಡುಹಣ್ಣು ಸಿಕ್ತಾ, ತುಟಿಯೆಲ್ಲ ನೇರಳೆ?’ ಅಂತ. ‘ಹಣೆಗೆ ಗುರುತು ಹಾಕ್ತಿದ್ದೆ’ ಅಂದ್ಲು.”

ಹೊರಗೆ ಬಂದ ಮೇಲೆ ಮಾಸಪ್ ಹಲ್ಲು ಕಿರಿದ. “ಸುಳ್ಳು, ಸಾರ್. ಈಗ ಹಣೆಗೆ ಯಾರೂ ಹಾಕಲ್ಲ. ಹೋದ ತಿಂಗಳು ನನ್ನ ತಂಗಿ ಹಣೆಗೆ ಹಾಕಿದ್ದು ವಾರ ಕಳೆದ್ರೂ ಹೋಗ್ಲಿಲ್ಲ. ಅದೇ ಹಣೆ ಹೊತ್ಕೊಂಡು ಮದುವೇಗೆ ಹೋದ್ಲು. ಹೆಂಗಸರೆಲ್ಲ ಗಲಾಟೆ ಮಾಡಿದ್ಮೇಲೆ ಅಭ್ಯಾಸದಲ್ಲಿ ಬರೀ ಬೆರಳಲ್ಲಿ ಗೀಚಿದ ಹಾಗೆ ಮಾಡ್ತಾರೆ.”

“ಹಾಗಿದ್ರೆ ನಿನ್ನೆ ನೇರಳೆ ಪೆನ್ಸಿಲ್‌ಗೆ ಕೆಲಸವೇ ಇರಲಿಲ್ಲ.”

“ಇರಲಿಲ್ಲ, ಸಾರ್.”

ಆರ್ನಲ್ಡ್ ಟಾಸ್ಕರ್ ಹಗ್ಗದ ಕಾರ್ಖಾನೆಯಲ್ಲಿದ್ದ. ಅಗಲ ಭುಜದ, ತಲೆತಗ್ಗಿಸಿ ಮಾತಾಡುವ ಆಳು. ಸೆಣಬಿನ ಧೂಳು ಹುಬ್ಬಿನ ಮೇಲೆ ಕೂತಿತ್ತು.

“ಎಲ್ಸಿ ಪಾಡ್‌ಮೋರ್ ನಿಮಗೇನಾಗ್ಬೇಕು?”

“ಏನೂ ಇಲ್ಲ. ಗಾಯಾಳು.”

“ಅಷ್ಟೇನಾ?”

“ನಗಿಸ್ತಾಳೆ. ಅದು ತಪ್ಪಾ ಸಾರ್? ವಾರವಿಡೀ ಹಗ್ಗ ಹೊಸೀತೀನಿ. ಹಗ್ಗ ಯಾರನ್ನೂ ನಗಿಸಲ್ಲ.”

“ನಿನ್ನೆ ನೆಲಮಾಳಿಗೆಗೆ ಇಳಿದ್ರಾ?”

“ಇಲ್ಲ. ಬಾಗಿಲಲ್ಲಿ ನಿಂತು ‘ನಮ್ಮ ಎಲ್ಸಿ ಎಲ್ಲಿ?’ ಅಂತ ಕೂಗ್ದೆ. ವಿನಿಫ್ರೆಡ್ ಕೆಳಗಿಂದ ಹತ್ತಿ ಬಂದ್ಲು. ‘ಕೆಳಗಿರೋದು ಸತ್ತೋರು, ಕೊನೆಗೆ ಬನ್ನಿ’ ಅಂದ್ಲು.”

“ಯಾರು ಅಂತ ಹೇಳಿದ್ರಾ?”

“ಇಲ್ಲ. ಎಲ್ಸಿ ಎಲ್ಲೋ ಬಚ್ಚಿಟ್ಕೊಂಡಿದಾಳೆ ಅಂದ್ಕೊಂಡೆ.” ಅವನು ಕೈಗಳನ್ನು ಏಪ್ರನ್‌ಗೆ ಒರೆಸಿಕೊಂಡ. “ಬೀದೀಲಿರೋ ಎಲ್ಲ ಮನೆ ಹುಡುಕ್ದೆ ಸಾರ್. ಅದೊಂದು ಬಿಟ್ಟು.”

ಗಾರ್ಸೈಡ್ ಅವನ ನೇರಳೆ ಪೆನ್ಸಿಲ್ ಕೇಳಿದ. ಆರ್ನಲ್ಡ್ ಕೋಟಿನ ಜೇಬಿನಿಂದ ತೆಗೆದುಕೊಟ್ಟ. ಅದರ ಮೊನೆಯನ್ನು ಇನ್ನೂ ಹೆರೆದಿರಲಿಲ್ಲ.

ದಾರಿಯಲ್ಲಿ ಮಾಸಪ್ ಕೇಳಿದ, “ವಿನಿಫ್ರೆಡ್‌ನ ಈಗಲೇ ಕರ್ಕೊಂಡು ಬರೋಣ್ವಾ?”

“ಬಂದು ಏನಂತಾಳೆ? ‘ಎಲ್ಸಿ ಯಾವಾಗ್ಲೂ ನಾಟಕ ಆಡ್ತಾಳೆ, ಆವತ್ತೂ ಆಡ್ತಿದಾಳೆ ಅಂದ್ಕೊಂಡೆ. ಆಟ ಕೆಡಿಸೋಕೆ ಚೀಟಿ ತಿದ್ದಿದೆ.’ ಅಷ್ಟೇ. ಹೊಟ್ಟೆಕಿಚ್ಚು ಅನ್ನಬಹುದು, ಅಪರಾಧ ಅನ್ನೋಕಾಗಲ್ಲ. ಎಲ್ಸಿಗೆ ನಿಜವಾಗಿ ಏಟಾಗಿದೆ ಅಂತ ಅವಳಿಗೆ ಗೊತ್ತಿತ್ತಾ? ನಮಗೆ ಬೇಕಾಗಿರೋದು ಅದು.”

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸಿರಿಲ್ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದ. ಎರಡು ರಾತ್ರಿಯ ಗಡ್ಡ. ಎಲ್ಸಿಗೆ ಆ ಮುಂಜಾನೆ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. ಬಿರಿದ ಗಾಯಕ್ಕೆ ನೆಲಮಾಳಿಗೆಯ ಕೊಳೆ ಸೇರಿತ್ತು. ಬೇಗ ತಂದಿದ್ದರೆ ತೊಳೆದು ಕಾಲು ಉಳಿಸಬಹುದಿತ್ತು ಎಂದ ಶಸ್ತ್ರವೈದ್ಯ. ಜೀವದ ಮಾತು ಇನ್ನೆರಡು ದಿನ ಬಿಟ್ಟು ಹೇಳುತ್ತೇನೆಂದ.

ವಾರ್ಡಿನ ಮೇಲ್ವಿಚಾರಕಿ ಸಿಸ್ಟರ್ ಕೆಟಲ್ ಎಲ್ಸಿಯ ಬಟ್ಟೆಗಳನ್ನು ಕಟ್ಟಿಟ್ಟಿದ್ದಳು. ಮಾಸಪ್ ಒಂದೊಂದನ್ನೇ ಮೇಜಿನ ಮೇಲೆ ಹರಡಿದ.

“ಅವರನ್ನ ಎತ್ತಿ ತಂದೋರು ಬಟ್ಟೆ ಸಡಿಲ ಮಾಡಿದ್ರಾ?” ಗಾರ್ಸೈಡ್ ಕೇಳಿದ.

“ಅವರಾ? ಹೆದರಿ ನಡುಗ್ತಿದ್ರು. ಇದ್ದ ಹಾಗೇ ಎತ್ಕೊಂಡು ಓಡಿ ಬಂದ್ರು,” ಎಂದಳು ಸಿಸ್ಟರ್. “ಆದ್ರೆ ಬಂದಾಗ್ಲೇ ಕೊರಳಪಟ್ಟಿ ಬಿಚ್ಚಿತ್ತು, ಸೊಂಟದ ದಾರ ಸಡಿಲ ಆಗಿತ್ತು. ಕುತ್ತಿಗೆ ಒಂದು ಕಡೆ ವಾಲಿಸಿ ಕೋಟಿನ ಅಂಚು ಮಡಚಿ ಒತ್ತುಕೊಟ್ಟಿದ್ರಂತೆ, ಉಸಿರು ಕಟ್ಟದ ಹಾಗೆ. ಗಂಟಲಲ್ಲಿ ರಕ್ತ ಇಳೀತಿತ್ತು ಇನ್ಸ್‌ಪೆಕ್ಟರ್. ಅಂಗಾತ ಮಲಗಿದ್ರೆ ಹತ್ತು ನಿಮಿಷ ಬದುಕ್ತಿರ್ಲಿಲ್ಲ. ಯಾರೋ ಚೆನ್ನಾಗಿ ಕಲಿತೋರು ಮಾಡಿದ ಕೆಲಸ. ಮತ್ತೆ ಇದು.”

ಕೋಟಿನ ಜೇಬಿನಿಂದ ಒಂದು ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಕಟ್ಟಿಸಿದ ಹಲ್ಲಿನ ಸೆಟ್, ಮೇಲುಸಾಲಿನದು.

ಗಾರ್ಸೈಡ್ ಅದನ್ನು ಹಿಡಿದುಕೊಂಡು ಕಾರಿಡಾರಿಗೆ ಬಂದ. ಸಿರಿಲ್ ದಿಟ್ಟಿಸಿದ.

“ನಿಮ್ಮ ಹೆಂಡತೀದಾ?”

“ಇರಬೇಕು.”

“ಇರಬೇಕು ಅಂದ್ರೆ?”

“ಅವಳಿಗೆ ಕಟ್ಟಿಸಿದ ಹಲ್ಲು ಅಂತ ಗೊತ್ತು. ಮದುವೆಯಾಗಿ ಹನ್ನೊಂದು ವರ್ಷ, ಒಂದಿನಾನೂ ನನ್ನೆದುರು ತೆಗೆದಿಲ್ಲ. ದೀಪ ಆರಿಸಿದ್ಮೇಲೆ ತೆಗೀತಾಳೆ, ನಾನು ಏಳೋ ಮುಂಚೆ ಹಾಕ್ಕೋತಾಳೆ.” ಅವನ ಕಿವಿಗಳು ಕೆಂಪಾದವು. “ಯಾರಿಗೆ ತೋರಿಸಿದ್ಲು ಸಾರ್? ಆರ್ನಲ್ಡ್‌ಗಾ?”

“ಯಾರಿಗೂ ತೋರಿಸಿಲ್ಲ. ಪ್ರಜ್ಞೆ ಇಲ್ಲದಾಗ ಬಾಯಿಂದ ತೆಗೆದಿದಾರೆ.”

ಕರವಸ್ತ್ರ ಬಿಳಿ ಹತ್ತಿಯದು, ಅಂಚಿನಲ್ಲಿ ಕೈಹೊಲಿಗೆ. ಮಾಸಪ್ ಕಿಟಕಿಯ ಬೆಳಕಿಗೆ ಹಿಡಿದ. ಒಂದು ಮೂಲೆಯಲ್ಲಿ ಬೆರಳಚ್ಚಿನಷ್ಟು ನೇರಳೆ ಇತ್ತು. ಸೊತ್ತನ್ನು ಸಿಸ್ಟರ್ ಎದುರಿನಲ್ಲಿ ವಶಕ್ಕೆ ಪಡೆದು ಮೊಹರು ಮಾಡಿದರು.

ಅಂದು ಸಂಜೆ ಏಳಕ್ಕೆ ಚರ್ಚಿನ ಶಾಲೆಯಲ್ಲಿ ಪ್ರಥಮ ಚಿಕಿತ್ಸೆಯ ತರಗತಿ ನಡೆದಿತ್ತು. ಹೆಂಗಸರು ಮಕ್ಕಳ ಬೆಂಚುಗಳ ಮೇಲೆ ಮಂಡಿ ಮಡಚಿ ಕುಳಿತು ಒಬ್ಬರ ಕೈಗೆ ಒಬ್ಬರು ಪಟ್ಟಿ ಸುತ್ತುತ್ತಿದ್ದರು. ವಿನಿಫ್ರೆಡ್ ಟಾಸ್ಕರ್ ಹಲಗೆಯ ಮುಂದೆ ನಿಂತಿದ್ದಳು. ತೆಳ್ಳನೆಯ ಮೈ, ಬಿಗಿಯಾಗಿ ಹೆಣೆದ ಕೂದಲು, ಇಸ್ತ್ರಿ ಮಾಡಿದ ಬಿಳಿ ಏಪ್ರನ್. ಸುತ್ತಿಟ್ಟ ಪಟ್ಟಿಗಳು ಮೇಜಿನ ಮೇಲೆ ಮೊಟ್ಟೆಗಳ ಹಾಗೆ ಸಾಲಾಗಿದ್ದವು.

“ಪಾಠದ ಮಧ್ಯೆ ಬಂದೆ, ಮಿಸೆಸ್ ಟಾಸ್ಕರ್. ಒಂದು ಪ್ರಶ್ನೆ ಕೇಳಬಹುದಾ, ನಿಮ್ಮ ವಿದ್ಯಾರ್ಥಿಗಳನ್ನ?”

“ಕೇಳಿ.”

ಗಾರ್ಸೈಡ್ ಬೆಂಚುಗಳ ಕಡೆ ತಿರುಗಿದ. “ಪ್ರಜ್ಞೆ ತಪ್ಪಿ ಬಿದ್ದೋರು ಸಿಕ್ಕಿದ್ರೆ ಏನು ಮಾಡ್ಬೇಕು?”

ಹೆಂಗಸರು ಮಗ್ಗಿ ಹೇಳುವವರ ಹಾಗೆ ಒಟ್ಟಿಗೆ ಹೇಳಿದರು: “ಕಟ್ಟಿಸಿದ ಹಲ್ಲಿದ್ರೆ ತೆಗೀಬೇಕು. ತಲೆ ಒಂದು ಕಡೆ ವಾಲಿಸ್ಬೇಕು. ಕೊರಳು, ಎದೆ, ಸೊಂಟ ಸಡಿಲಿಸ್ಬೇಕು.”

“ಪ್ರಜ್ಞೆ ತಪ್ಪಿದ ಹಾಗೆ ನಟಿಸ್ತಿದ್ರೆ?”

ಒಬ್ಬಳು ಕಿಸಕ್ಕನೆ ನಕ್ಕಳು. “ಅಭ್ಯಾಸದಲ್ಲಿ ಯಾರ ಹಲ್ಲಿಗೂ ಕೈ ಹಾಕಲ್ಲ ಸಾರ್, ಕಚ್ಚಿಬಿಟ್ಟಾರು. ಬಾಯಲ್ಲಿ ಹೇಳಿದ್ರೆ ಸಾಕು.”

ವಿನಿಫ್ರೆಡ್ ನಗಲಿಲ್ಲ. ಗಾರ್ಸೈಡ್ ಮೊಹರಾದ ಪೊಟ್ಟಣವನ್ನು ಮೇಜಿನ ಮೇಲೆ, ಪಟ್ಟಿಗಳ ಪಕ್ಕದಲ್ಲಿ ಇಟ್ಟ. ಅವಳು ಅದನ್ನು ನೋಡಿದಳು. ಆಮೇಲೆ ಹೆಂಗಸರ ಕಡೆ ತಿರುಗಿ, “ಇವತ್ತಿಗೆ ಸಾಕು,” ಎಂದಳು. “ಪಟ್ಟಿಗಳನ್ನ ಬಿಗಿಯಾಗಿ ಸುತ್ತಿಡಿ. ಹೋದ ಸಲ ಸಡಿಲ ಬಿಟ್ಟಿದ್ರಿ.”

ಎಲ್ಲರೂ ಹೋಗುವ ತನಕ ಗಾರ್ಸೈಡ್ ಕಾದ. ಮಾಸಪ್ ಬಾಗಿಲಲ್ಲಿ ನಿಂತ.

“ಹೇಳಿಕೆ ಕೊಡಲೇಬೇಕು ಅಂತ ಬಲವಂತವಿಲ್ಲ. ಕೊಟ್ಟರೆ ಬರ್ಕೋತೀವಿ, ಅದು ಸಾಕ್ಷಿಯಾಗುತ್ತೆ.”

“ಗೊತ್ತು.”

“ಕರವಸ್ತ್ರ ನಿಮ್ಮದಾ?”

“ನಂದೇ.”

“ನೀವು ಇಳಿದಾಗ ಎಲ್ಸಿ ಹೇಗಿದ್ರು?”

“ನಾಡಿ ಬಡಿತ ನಿಧಾನ. 54. ಕಣ್ಣುಪಾಪೆ ಒಂದು ದೊಡ್ಡದು, ಒಂದು ಚಿಕ್ಕದು.” ಪರೀಕ್ಷೆಯಲ್ಲಿ ಉತ್ತರ ಹೇಳುವ ದನಿ. “ಕಾಲು ನೋಡ್ಲಿಲ್ಲ. ಬಣ್ಣ ಬಳಿದಿತ್ತಲ್ಲ, ಬಣ್ಣ ಅಂದ್ಕೊಂಡೆ. ತಲೆ ಏಟು ನಿಜ ಅಂತ ಮುಟ್ಟಿದ ತಕ್ಷಣ ಗೊತ್ತಾಯ್ತು.”

“ಗೊತ್ತಾದ ಮೇಲೆ?”

“ಮಾಡ್ಬೇಕಾದ್ದೆಲ್ಲ ಮಾಡ್ದೆ. ಹಲ್ಲು ತೆಗೆದೆ, ತಲೆ ವಾಲಿಸ್ದೆ. ಊದಿ ಕರೆಯೋಕೆ ಕೈ ಕೊರಳಲ್ಲಿದ್ದ ಸೀಟಿಗೆ ಹೋಗಿತ್ತು. ಆಗ ಮೇಲಿಂದ ಆರ್ನಲ್ಡ್ ಕೂಗಿದ್ರು. ‘ನಮ್ಮ ಎಲ್ಸಿ ಎಲ್ಲಿ?’”

ಅವಳು ಸಾಲು ತಪ್ಪಿದ್ದ ಒಂದು ಪಟ್ಟಿಯನ್ನು ಸರಿಸಿಟ್ಟಳು.

“ಹದಿನಾಲ್ಕು ವರ್ಷ ಆಯ್ತು ಮದುವೆಯಾಗಿ. ಅಡುಗೆ ಹೇಗಿದೆ ಅಂದ್ರೆ ‘ಹೂಂ’. ಪರೀಕ್ಷೇಲಿ ಮೊದಲು ಬಂದೆ ಅಂದ್ರೆ ‘ಹೂಂ’. ಅವರಿಗೆ ಅಂಥ ದನಿ ಇದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ಕೆಳಗೆ ಇಳಿದು ಬಂದ್ರೆ ಅವಳನ್ನ ಹೇಗೆ ಎತ್ತುತ್ತಾರೆ ಅಂತ ಕಣ್ಣಿಗೆ ಕಟ್ತು. ಈ ಸಲ ನಿಜವಾದ ಏಟು ಬೇರೆ. ಅಳ್ತಾರೆ. ನನ್ನ ಕಣ್ಮುಂದೆ ಅಳ್ತಾರೆ.”

“ಅದಕ್ಕೆ ಚೀಟಿ ತಿದ್ದಿದ್ರಿ.”

“ಹತ್ತು ನಿಮಿಷ ಅಂದ್ಕೊಂಡೆ. ಹತ್ತೇ ನಿಮಿಷ ಅವರು ಅವಳನ್ನ ಹುಡುಕ್ಲಿ, ಸಿಗದೆ ಒದ್ದಾಡ್ಲಿ, ಆಮೇಲೆ ನಾನೇ ಹೇಳ್ತೀನಿ ಅಂತ. ಹತ್ತು ನಿಮಿಷ ಆದ್ಮೇಲೆ, ‘ಯಾಕೆ ಮೊದಲೇ ಹೇಳ್ಲಿಲ್ಲ’ ಅಂತ ಕೇಳಿದ್ರೆ ಏನು ಹೇಳ್ಲಿ ಅನ್ನಿಸ್ತು. ಅರ್ಧ ಗಂಟೆ ಆದ್ಮೇಲೆ ಬಾಯೇ ಬರ್ಲಿಲ್ಲ. ಟೀ ಕುಡಿದೆ. ಕಪ್ಪು ಹಿಡ್ಕೊಂಡು ಆ ಮನೆ ಬಾಗಿಲನ್ನೇ ನೋಡ್ತಿದ್ದೆ.” ಅವಳು ಏಪ್ರನ್‌ನ ಗಂಟು ಬಿಚ್ಚಿ, ಮಡಿಕೆ ತಪ್ಪದಂತೆ ಮಡಚಿ ಮೇಜಿನ ಮೇಲಿಟ್ಟಳು. “ಆ ಹಲ್ಲು ಅಲ್ಲೇ ಬಿಟ್ಟಿದ್ರೆ ನಿಮಗೆ ನಾನು ಸಿಗ್ತಿರ್ಲಿಲ್ಲ ಅಲ್ವಾ?”

“ಸಿಗ್ತಿರ್ಲಿಲ್ಲ. ಅವರೂ ಬದುಕ್ತಿರ್ಲಿಲ್ಲ.”

“ಬದುಕ್ತಾಳಾ?”

“ಇನ್ನೂ ಗೊತ್ತಿಲ್ಲ. ಕಾಲು ಹೋಯ್ತು.”

ವಿನಿಫ್ರೆಡ್ ಮೇಜಿನ ಅಂಚು ಹಿಡಿದುಕೊಂಡಳು. ಗಾಯಾಳುವಿಗೆ ಸಿಗಬೇಕಾದ ನೆರವನ್ನು ಬೇಕೆಂದೇ ತಡೆದು ಪ್ರಾಣಕ್ಕೆ ಅಪಾಯ ತಂದ ಆರೋಪದ ಮೇಲೆ, ಏಪ್ರಿಲ್ 23ರ ಸಂಜೆ ಅವಳನ್ನು ಬಂಧಿಸಲಾಯಿತು. ಶಾಲೆಯ ಗೇಟಿನಲ್ಲಿ ಆರ್ನಲ್ಡ್ ನಿಂತಿದ್ದ. ವಿಷಾನಿಲ ದಾಳಿಯ ಭಯಕ್ಕೆ ಎಲ್ಲರೂ ಹೊತ್ತು ತಿರುಗುತ್ತಿದ್ದ ಗ್ಯಾಸ್ ಮುಖವಾಡದ ಪೆಟ್ಟಿಗೆ, ಹೆಂಡತಿಯದು ಮನೆಯಲ್ಲೇ ಉಳಿದಿತ್ತೆಂದು ತಂದಿದ್ದನಂತೆ. ಅದನ್ನು ಅವಳ ಕೊರಳಿಗೆ ಹಾಕಿ, “ವಿನಿ,” ಎಂದ. ಮುಂದಿನ ಮಾತಿಗೆ ಅವಳು ಕಾಯಲಿಲ್ಲ.

ಶುಕ್ರವಾರ ಎಲ್ಸಿ ಕಣ್ಣು ಬಿಟ್ಟು ನೀರು ಕೇಳಿದಳು. ಸುದ್ದಿ ಬಂದ ಕೂಡಲೇ ಗಾರ್ಸೈಡ್ ಹೇಳಿಕೆ ಪಡೆಯಲು ಹೋದ. ಮಾಸಪ್‌ನನ್ನು ಕೆಳಗೆ ನಿಲ್ಲಿಸಿ ಒಬ್ಬನೇ ಒಳಗೆ ಬಂದ. ಸಿರಿಲ್ ವಾರ್ಡಿನ ಹೊರಗೆ, ಬಾಗಿಲಿನ ಗಾಜಿನ ಆಚೆ ನಿಂತಿದ್ದ.

ತಲೆಗೆಲ್ಲ ಪಟ್ಟಿ. ಹೊದಿಕೆಯ ಕೆಳಗೆ ಬಲಗಡೆ ಅರ್ಧಕ್ಕೆ ಚಪ್ಪಟೆ. ಎಲ್ಸಿ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದಳು. ಹಲ್ಲು ಇನ್ನೂ ಪೊಲೀಸರ ಬಳಿಯಿತ್ತು.

“ಬಿದ್ದಿದ್ದು ನೆನಪಿದೆ. ಮೆಟ್ಟಿಲು ಲಟಕ್ ಅಂತು.”

“ಆಮೇಲೆ? ವಿನಿಫ್ರೆಡ್ ಬಂದಿದ್ದು?”

“ಇಲ್ಲ. ಅದು ಸಿಸ್ಟರ್ ಹೇಳಿದ್ಮೇಲೇ ಗೊತ್ತಾಗಿದ್ದು.” ಉಸಿರು ತೆಗೆದುಕೊಂಡಳು. “ನಡುವೆ ಒಂದ್ಸಲ ಎಚ್ಚರ ಆಯ್ತು. ಕೂಗೋಕೆ ಹೋದೆ, ಮಾತು ಬರ್ಲಿಲ್ಲ. ಬರೀ ನರಳಾಟ. ಮೆಟ್ಟಿಲ ಮೇಲಿಂದ ಯಾರೋ ಟಾರ್ಚ್ ಬಿಟ್ರು. ಬೆಳಕು ಚೀಟಿ ಮೇಲೆ ಬಿತ್ತು. ‘ಒಳ್ಳೇದಾಯ್ತು, ಇವತ್ತು ಯಾರೂ ನಿನ್ನ ಹೊರಲ್ಲ’ ಅಂದ್ರು. ನಾನು ಮತ್ತೆ ನರಳ್ದೆ. ‘ಸತ್ತೋರು ನರಳಬಾರ್ದು, ಎಲ್ಸಿ’ ಅಂದ್ರು. ಬೆಳಕು ಹೊರಟೋಯ್ತು.”

ಗಾರ್ಸೈಡ್‌ನ ಪೆನ್ಸಿಲ್ ನಿಂತಿತು. ಆರ್ನಲ್ಡ್ ಅಂದು ಬೀದಿಯ ಬೇರೆಲ್ಲ ಮನೆಗಳಲ್ಲಿ ಅವಳನ್ನು ಹುಡುಕುತ್ತಿದ್ದ. ಯಾರೂ ಅವಳನ್ನು ಹೊರಬಾರದೆಂದು ಬಯಸಿದ್ದ, ಬೀದಿಯ ವಾರ್ಡನ್ ಆಗಿ ಕೈಯಲ್ಲಿ ಟಾರ್ಚ್ ಹಿಡಿದು ಮನೆ ಮನೆ ನೋಡುವುದೇ ಕೆಲಸವಾಗಿದ್ದ ಮನುಷ್ಯ ಒಬ್ಬನೇ ಇದ್ದ. ಠಾಣೆಯಲ್ಲಿ ಆ ರಾತ್ರಿ ಅವನು ಇದನ್ನು ಹೇಳಿರಲಿಲ್ಲ.

“ಯಾರ ದನಿ, ಮಿಸೆಸ್ ಪಾಡ್‌ಮೋರ್?”

ಎಲ್ಸಿ ಬಾಗಿಲಿನ ಗಾಜನ್ನು ನೋಡಿದಳು. ಸಿರಿಲ್ ಒಳಗೆ ಇಣುಕುತ್ತಿದ್ದ. ಅವಳು ನೋಡಿದ ಕೂಡಲೇ ಕೈ ಎತ್ತಿದ, ಮತ್ತೆ ಇಳಿಸಿದ.

“ನಾನು ನಟಿಸ್ತಿದೀನಿ ಅಂದ್ಕೊಂಡಿರ್ತಾರೆ,” ಎಂದಳು ಗಾಜಿನಿಂದ ಕಣ್ಣು ತೆಗೆಯದೆ. “ಅಷ್ಟು ಚೆನ್ನಾಗಿ ನಟಿಸ್ತಿದ್ದೆ.”

“ಕೇಳಿದ ಪ್ರಶ್ನೆಗೆ—”

“ದನಿ ಗುರುತು ಸಿಗ್ಲಿಲ್ಲ. ಕನಸು ಅಂತ ಬರ್ಕೊಳ್ಳಿ. ಬೇಡ, ಅದನ್ನೂ ಬರೀಬೇಡಿ.” ಅವಳು ಕೈಯನ್ನು ಬಾಯಿಂದ ತೆಗೆದಳು, ಮೊದಲ ಸಲ ಹಲ್ಲಿಲ್ಲದ ಮುಖವನ್ನು ಪೂರ್ತಿ ತೋರಿಸಿದಳು. “ಅವರಿಗೆ ನಾನು ಕೇಳಿಸ್ಕೊಂಡೆ ಅಂತ ಗೊತ್ತಾಗ್ಬಾರ್ದು. ಗೊತ್ತಾದ್ರೆ ನನ್ನ ಮುಖ ನೋಡೋಕಾಗಲ್ಲ ಅವರಿಗೆ. ಇನ್ಮೇಲೆ ನನ್ನ ಹೊರಬೇಕಾದೋರು ಅವರೊಬ್ಬರೇ ತಾನೇ?”

ಗಾರ್ಸೈಡ್ ಹೇಳಿಕೆಯನ್ನು ಓದಿ ಹೇಳಿದ. ಅದರಲ್ಲಿ ಮೆಟ್ಟಿಲು ಮುರಿದದ್ದಿತ್ತು, ಆಸ್ಪತ್ರೆಯಲ್ಲಿ ಎಚ್ಚರವಾದದ್ದಿತ್ತು, ನಡುವೆ ಏನೂ ಇರಲಿಲ್ಲ. ಎಲ್ಸಿ ಸಹಿ ಹಾಕಿದಳು.

ಕಾರಿಡಾರಿನಲ್ಲಿ ಸಿರಿಲ್ ಅವನ ತೋಳು ಹಿಡಿದ. ಅವನ ಬೆರಳುಗಳು ತಣ್ಣಗಿದ್ದವು.

“ಏನಾದ್ರೂ ನೆನಪಿದ್ಯಂತಾ ಸಾರ್?”

“ನಿಮ್ಮನ್ನ ಕೇಳ್ತಿದಾರೆ. ಒಳಗೆ ಹೋಗಿ.”

ಕೆಳಗೆ ಇಳಿಯುವಷ್ಟರಲ್ಲಿ ಗಾರ್ಸೈಡ್ ನಿರ್ಧರಿಸಿದ್ದ. ಮಾಸಪ್ ಸೈಕಲ್ಲಿಗೆ ಒರಗಿ ನಿಂತಿದ್ದ.

“ಏನಂದ್ರು ಸಾರ್?”

“ಮೆಟ್ಟಿಲು ಕೊಳೆತಿತ್ತು ಅಂದ್ರು,” ಎಂದು ಹೇಳಿ ಗಾರ್ಸೈಡ್ ಟೋಪಿ ಹಾಕಿಕೊಂಡ.